ಪಲ್ಟನ್ ಕರೆದುಕೊಂಡು ಹೋದ ದರ್ಜಿ

ಸಿಕಂದರಾಬಾದಿನ ದಂಡಿನಲ್ಲಿ ಒಂದು ರೂಢಿ ಇತ್ತು. ಸೈನಿಕರ ಪಲ್ಟನ್ ಬೇರೆ ಊರಿಗೆ ಹೊರಟರೆ ತನಗೆ ಒಗ್ಗಿದ ದರ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಹೋದಲ್ಲಿ ಕೋಣೆ, ಕರೆಂಟು, ಗಿರಾಕಿ ಎಲ್ಲ ಸಿದ್ಧ. ನಮ್ಮ ಅಂಗಡಿ ಬೀದಿಯ ಗೇಟಿನೊಳಗಿದ್ದ ಪಲ್ಟನ್ ರಾಜಸ್ಥಾನಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ ಎಂದು ಗೊತ್ತಾದಾಗ ಬೀದಿಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಮಾತ್ರ ನಿಶ್ಚಿಂತನಾಗಿದ್ದೆ. ಕರೆದರೆ ನನ್ನನ್ನೇ ಕರೆಯಬೇಕು.

ಅಲ್ಲಿದ್ದ ದರ್ಜಿಗಳು ಇಬ್ಬರೇ, ನಾನು ಮತ್ತು ಎದುರು ಅಂಗಡಿಯವನು. ಅವನೂ ನನ್ನಂತೆ ಬೀದರ್ ಕಡೆಯವನು. ಗುಂಡಿಗೆ ಕಾಜಾ ಹಾಕುವುದನ್ನು ನನ್ನ ಪಕ್ಕದಲ್ಲಿ ಕೂತು ಕಲಿತವನು. ಇಂದಿಗೂ ಅವನು ಹೊಲಿದ ಕಾಲರಿನ ಒಂದು ತುದಿ ಮೇಲೆದ್ದಿರುತ್ತದೆ. ಆದರೆ ಮಾತು ಬೆಣ್ಣೆಯಂಥದ್ದು, ಜವಾನರು ಹರಟೆಗೆ ಅವನ ಕಟ್ಟೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ವಾರ ಜವಾನರ ಟ್ರಂಕುಗಳ ಮೇಲೆ ಹೆಸರು ಬರೆಯುವ ಪೇಂಟರನಿಗೆ ಪುರುಸೊತ್ತಿರಲಿಲ್ಲ. ಪಲ್ಟನ್‌ನಲ್ಲಿದ್ದ ಬೆಳಗಾವಿ ಕಡೆಯ ಸುಬೇದಾರರು ಹೊಲಿದಿಟ್ಟ ಬಟ್ಟೆ ಒಯ್ಯಲು ನನ್ನ ಅಂಗಡಿಗೆ ಬಂದರು. ನನ್ನ ಜೊತೆ ಕನ್ನಡ ಮಾತಾಡುವವರು, ನಮ್ಮವರು ಎಂಬ ಸಲಿಗೆಯಿಂದ ಕೇಳಿಯೇಬಿಟ್ಟೆ.

“ಸಾಹೇಬ್ರ, ನಾ ಯಾವಾಗ ತಯಾರಾಗ್ಲಿರಿ?”

ಅವರು ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿದರು. “ಮಾಸ್ತರ, ನಿಮ್ಮ ಕೈ ಭಾಳ ಛಲೋ ಐತ್ರಿ. ಆದ್ರ ನಿಮಗ ಇಲ್ಲಿ ಮನಿ ಐತಿ, ಮಗ ಪಟಾನ್‌ಚೆರುದಾಗ ನೌಕರಿ ಮಾಡಾಕತ್ತಾನ. ಎದುರಿನ ಅಂಗಡಿಯಾಂವ ಒಬ್ಬಂಟಿ. ಅವನ್ನ ಕರಕೊಂಡು ಹೊಂಟೀವಿ.”

ಮನೆ ಕಟ್ಟಿದ್ದೇ ನನ್ನ ತಪ್ಪಾಯಿತು. ಹೊರಡುವ ದಿನ ಅವನು ಬಂದು ಕಾಲಿಗೆ ಬಿದ್ದ. “ಚೆನ್ನಾಗಿರು” ಎಂದದ್ದು ನನ್ನ ಬಾಯಿ ಮಾತ್ರ.

ಗೇಟಿಗೆ ಬೀಗ ಬಿತ್ತು. ಚಹಾದವನು ಅಂಗಡಿ ಮುಚ್ಚಿದ, ಇಸ್ತ್ರಿಯವನು ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳ ದಾರಿ ಹಿಡಿದ. ಪೇಂಟರ್ ಈಗ ಆಟೋಗಳ ಮೇಲೆ ನಂಬರು ಬರೆಯುತ್ತಾನೆ. ನನ್ನ ಪಾಲಿಗೆ ಉಳಿದದ್ದು ಶಾಲೆಯ ಬ್ಯಾಗುಗಳ ಜಿಪ್ಪು. ಅದೂ ಮೇ ತಿಂಗಳಲ್ಲಿ ಇರುವುದಿಲ್ಲ.

ಅವನು ಮಾತ್ರ ಫೋಟೋ ಕಳಿಸುತ್ತಲೇ ಇದ್ದ. ಹೊಸ ಅಂಗಡಿ, ಹೊಸ ಫ್ಯಾನು, ಬಾಗಿಲ ತನಕ ನಿಂತ ಜವಾನರು. ನಾನು ಪ್ರತಿಯೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ಅವರ ಕಾಲರಿನ ತುದಿ ನೋಡುತ್ತಿದ್ದೆ.

“ಎಷ್ಟು ಹೊಟ್ಟಿ ಉರಕೋತೀರಿ? ಫೋನ್ ಕೆಳಗ ಇಡ್ರಿ,” ಎನ್ನುತ್ತಿದ್ದಳು ಹೆಂಡತಿ.

ಒಂದು ಮಧ್ಯಾಹ್ನ ಅವನದೇ ಫೋನ್ ಬಂತು.

“ಅಣ್ಣಾ, ಇಲ್ಲಿ ಕೆಲಸ ಭಾಳ ಐತ್ರಿ, ನನಗೊಬ್ಬನಿಗೆ ಆಗವಲ್ದು. ನನ್ನ ಕೈಕೆಳಗ ಒಬ್ಬರು ಬೇಕಾಗ್ಯಾರ. ಸಾಹೇಬ್ರನ್ನ ಕೇಳೀನಿ, ಹೂಂ ಅಂದಾರ. ನೀವ ಬರ್ತೀರೇನ್ರಿ?”

ಅವನ ಕೈಕೆಳಗೆ. ಕೈ ಹಿಡಿದು ಕಾಜಾ ಕಲಿಸಿದ ನಾನು, ಅವನ ಕೈಕೆಳಗೆ. ಫೋನ್ ಇಟ್ಟುಬಿಡಬೇಕೆಂದುಕೊಂಡೆ. ಜನ್ಮಕ್ಕಾಗುವಷ್ಟು ಬೈಯಬೇಕೆಂದುಕೊಂಡೆ. ಬೆಳಗಿನಿಂದ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಅವನು ಆ ಕಡೆಯಿಂದ “ಅಣ್ಣಾ, ಅಣ್ಣಾ” ಎಂದು ಕರೆಯುತ್ತಲೇ ಇದ್ದ.

“ಮಷೀನ್ ಅಲ್ಲೇ ಐತೇನು,” ಎಂದು ಕೇಳಿದೆ, “ಇಲ್ಲಾ ನಂದೇ ತರಬೇಕೋ?”