ಜೋಡಿ ಇದೆಯಲ್ಲ ಭಾಭೀಜಿ

ನಮ್ಮ ಮನೆಯವರು ಕಾಶಿಯ ಅಸ್ಸಿ ಘಾಟಿನಲ್ಲಿ ಕನ್ನಡ ಯಾತ್ರಿಕರ ಛತ್ರ ನೋಡಿಕೊಳ್ಳುತ್ತಿದ್ದಾಗ, ಅಲ್ಲಿನ ಫೋನುಗಳನ್ನೆಲ್ಲ ಜೋಡಿಸುವ ಪುಟ್ಟ ಎಕ್ಸ್‌ಚೇಂಜಿನ ರಿಪೇರಿಗೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಎರಡು. ಏನು ಕೇಳಿದರೂ ಪಾನ್ ಬಾಯಲ್ಲೇ ಹೇಳುವನು, "ಜೋಡಿ ಇದೆಯಲ್ಲ ಭಾಭೀಜಿ. ಒಂದು ಕಿತ್ತರೂ ಇನ್ನೊಂದು ನಡೆಸುತ್ತೆ." ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಒಂದು ಬೆಳಿಗ್ಗೆ ಹಾಸನದ ಕಡೆಯ ಯಜಮಾನರೊಬ್ಬರು ಛತ್ರದಲ್ಲೇ ತೀರಿಕೊಂಡರು. ಕಾಯಿಲೆಯ ಸುದ್ದಿ ಕೇಳಿ ಹೊರಟಿದ್ದ ಮಗ ದಾರಿಯ ಯಾವುದೋ ಸ್ಟೇಷನ್ನಿನಿಂದ ಫೋನ್ ಮಾಡಿದ. "ಅಪ್ಪ ಹೋಗಿಬಿಟ್ರು ಕಣೋ. ಮಣಿಕರ್ಣಿಕೆಗೆ ಒಯ್ಯೋದಾ, ನಿನಗೆ ಕಾಯೋದಾ?" ಎಂದು ತಾಯಿ ಕೇಳುತ್ತಿದ್ದರು. ಆಗಲೇ ಈ ಮಹಾಶಯ ಧೂಳು ಒರೆಸಲು ಒಂದು ಪೆಟ್ಟಿಗೆ ಎಳೆದ. ಫೋನ್ ಸತ್ತಿತು. ಇನ್ನೊಂದು ಪೆಟ್ಟಿಗೆ ಯಾವತ್ತೋ ಕೆಟ್ಟಿತ್ತು. ಇದು ನಡೆಸುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ.

ಎಳೆದದ್ದನ್ನು ಮತ್ತೆ ತುರುಕಿದ. ಫೋನಿಗೆ ಜೀವ ಬಂತು, ಮಗನ ದನಿ ಬರಲಿಲ್ಲ. ನಾವೇ ಮಾಡೋಣವೆಂದರೆ ನಂಬರು ಗೊತ್ತಿಲ್ಲ.

"ದೇವರ ಮುಂದೆ ಜೋಡಿ ದೀಪ ಇಡುವವಳು ಎರಡರಲ್ಲೂ ಎಣ್ಣೆ ಇದೆಯಾ ಅಂತ ನೋಡ್ತಾಳೆ ಭಯ್ಯಾ. ನೀನು ನೋಡಿದ್ದೆಯಾ?" ಎಂದೆ.

ಅವನು ಹೊರಗೆ ಹೋಗಿ ಪಾನ್ ಉಗಿದು ಬಂದ. ನಡೆಯುತ್ತಿದ್ದ ಪೆಟ್ಟಿಗೆ ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತ. ತಾಯಿ ಫೋನನ್ನೇ ನೋಡುತ್ತ ಕುಳಿತರು. ಕೊನೆಗೆ ಕಾಶಿ ವಿಶ್ವನಾಥ ಕಣ್ಣು ಬಿಟ್ಟ, ಫೋನಿನ ಗಂಟೆ ಹೊಡೆಯಿತು. "ಕಾಯ್ತಿರಮ್ಮ, ಸಂಜೆಯೊಳಗೆ ಬರ್ತೀನಿ," ಅಂದನಂತೆ ಮಗ.

"ಮಾತು ಮುಗೀತು, ಕೈ ಬಿಡು," ಎಂದೆ.

ಬಿಡಲಿಲ್ಲ. "ಇರೋದು ಇದೊಂದೇ ಭಾಭೀಜಿ," ಎಂದ.