ಮುತ್ಲಕ ಸುರಿದ ಏಲಕ್ಕಿ

ಮುತ್ಲಕ ಕಾಫಿ ಕುಟ್ಟುವ ಸದ್ದು ಕೇಳಿದರೆ ಹಾಸಿಗೆ ಹಿಡಿದವರೂ ಎದ್ದು ಶೇಖ್ ಮಿಶಾನರ ದಿವಾನಖಾನೆಗೆ ಬರುತ್ತಾರೆ ಎಂಬ ಮಾತು ಟೈಗ್ರಿಸ್ ದಂಡೆಯ ಆ ಊರಿನಲ್ಲಿತ್ತು. ಮಾತು ಹುಟ್ಟಿಸಿದವನೂ ಮುತ್ಲಕನೇ. ಅಲ್ಲಿ ಕಾಫಿ ಮಾಡಿ ಹಂಚುವ ಕೆಲಸ ಅವನದು, ಆ ವಿಷಯದಲ್ಲಿ ಜಂಬ ಕೊಂಚ ಹೆಚ್ಚು.

ಅಂದು ಮಾತ್ರ ಕುಟ್ಟುತ್ತ ಕುಟ್ಟುತ್ತ ಬಾಗಿಲ ಕಡೆಗೇ ನೋಡುತ್ತಿದ್ದ. ತಂಗಿ ಖಜ್ನಾ ಯುದ್ಧ ಮುಗಿದಾಗಿನಿಂದ ನಿರಾಶ್ರಿತರ ಗುಡಾರದಲ್ಲಿ ಕೊಳೆಯುತ್ತಿದ್ದಳು. ಅವಳ ಮೈದುನ ಕಪ್ಪು ಬಾವುಟದ ಉಗ್ರರ ಜೊತೆ ಸೇರಿದ್ದ. ಆ ಬಾವುಟದವರು ಶೇಖರ ತಮ್ಮನನ್ನು ಕೊಂದಿದ್ದರು. ಮೈದುನ ಸತ್ತು ಮಣ್ಣಾದರೂ ಅವನ ಮನೆಯವರ ಮೇಲಿನ ಸಿಟ್ಟು ಆರಿರಲಿಲ್ಲ. “ಶೇಖ್ ಹ್ಞೂಂ ಅನ್ಲಿ, ಆಮೇಲೆ ಬಿಡ್ತೀವಿ” ಎಂದು ಚೆಕ್‌ಪೋಸ್ಟಿನ ಸೈನಿಕರು ಕೈ ತೊಳೆದುಕೊಂಡಿದ್ದರು. ಅವರದೂ ತಪ್ಪಲ್ಲ, ಯಾರಾದರೂ ಸೇಡಿಗೆ ಇಳಿದರೆ ಹೊಣೆ ಅವರ ತಲೆಗೇ.

ಆ ಹ್ಞೂಂ ಕೇಳಲು ಖಜ್ನಾಳ ಗಂಡನ ಕಡೆಯ ಹಿರಿಯರಾದ ಹಾಜಿ ಫರ್ಹಾನ್ ಬಂದಿದ್ದರು. ಮುತ್ಲಕ ಕೊಟ್ಟ ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟರು. ಏನಾದರೂ ಬೇಡಿ ಬಂದ ಅತಿಥಿ ಕೇಳಿದ್ದು ಸಿಗುವ ತನಕ ಕುಡಿಯುವುದಿಲ್ಲ, ಅದು ಅಲ್ಲಿನ ರೂಢಿ. ಕುಡಿದರೆ ಸಿಕ್ಕಿತು ಎಂದೇ ಅರ್ಥ.

“ನಮ್ಮ ಹೆಂಗಸರು ಮಕ್ಕಳು ಊರಿಗೆ ಬರ್ಬೇಕು, ಶೇಖ್. ಆ ಹುಡುಗ ನಮ್ಮವನಲ್ಲ ಅಂತ ಅವತ್ತೇ ಹೇಳಿದ್ವಿ. ಇವತ್ತು ಎಲ್ಲರೆದುರು ಮತ್ತೆ ಹೇಳ್ತೀನಿ.”

ಶೇಖ್ ಜಪಮಾಲೆ ತಿರುಗಿಸುತ್ತ ಕುಳಿತರು. ಬಟ್ಟಲಿನಿಂದ ಏಲಕ್ಕಿಯ ಘಮ ಏಳುತ್ತಿತ್ತು. ಮುತ್ಲಕ ಅಂದು ಧಾರಾಳವಾಗಿ ಸುರಿದಿದ್ದ. ಹಾಜಿಗೆ ಕಾಫಿ ಎಂದರೆ ಪ್ರಾಣ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಅಷ್ಟರಲ್ಲಿ ಕುಳಿತಿದ್ದವರಲ್ಲಿ ಯಾರೋ ಗೋಧಿ ಬೆಳೆಯ ಮಾತೆತ್ತಿದರು. ಹಾಜಿ ತಲೆಯಾಡಿಸುತ್ತ ಕೇಳಿದರು. ಕೇಳುತ್ತ ಕೇಳುತ್ತ, ಅಭ್ಯಾಸಬಲದಿಂದ, ಬಟ್ಟಲೆತ್ತಿ ಕುಡಿದೇಬಿಟ್ಟರು!

“ಏನ್ ಹಾಜಿ, ನಾನಿನ್ನೂ ಬಾಯೇ ಬಿಟ್ಟಿಲ್ಲ, ನೀವಾಗ್ಲೇ ಕುಡಿದ್ರಾ?” ಎಂದರು ಶೇಖ್.

ಹಾಜಿಯ ಮುಖ ಬಿಳುಚಿಕೊಂಡಿತು. “ತಪ್ಪಾಯ್ತು ಶೇಖ್! ನಿಮ್ಮ ಈ ಮುತ್ಲಕ ಏಲಕ್ಕಿ ಸುರಿದು ನನ್ನ ಮಾನ ತೆಗೆದ!”

ಗದರಲು ಬಾಯಿ ತೆರೆದ ಶೇಖ್ ನಕ್ಕುಬಿಟ್ಟರು. ತಮ್ಮ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ಊರು ಕಂಡಿರಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡರು.

“ನನ್ನ ಮನೇಲಿ ಕುಡಿದ ಕಾಫಿ ಸುಳ್ಳಾಗ್ಬಾರ್ದು. ಬರ್ಲಿ ಎಲ್ರೂ. ಅವರ ಮೇಲೆ ಕೈ ಎತ್ತಿದ್ರೆ ನನ್ನ ಮೇಲೆ ಎತ್ತಿದ ಹಾಗೆ. ಸೈನಿಕರಿಗೂ ನಾನೇ ಹೇಳ್ತೀನಿ. ಲೋ ಮುತ್ಲಕ, ಬೇಕು ಅಂತ್ಲೇ ಸುರಿದ್ಯಾ?”

“ಕೈ ಜಾರ್ತು, ಶೇಖ್.”

“ಇಷ್ಟು ವರ್ಷ ಜಾರದೇ ಇದ್ದ ಕೈ!”

ಮುಂದಿನ ವಾರ ಖಜ್ನಾ ಟ್ರ್ಯಾಕ್ಟರಿನ ಹಿಂದೆ ಹಾಸಿಗೆಗಳ ಮೇಲೆ ಕುಳಿತು ಬಂದಳು. ಮುತ್ಲಕ ತನ್ನ ಮನೆಯಂಗಳದಲ್ಲಿ ಅವಳಿಗೆ ಬಟ್ಟಲು ಕೊಟ್ಟ. ಊರವರು ಏನೆನ್ನುವರೋ ಎಂದು ಹೆದರಿ ಇಷ್ಟು ದಿನ ಅವನು ಒಮ್ಮೆಯೂ ಶಿಬಿರದ ಕಡೆ ತಲೆ ಹಾಕಿರಲಿಲ್ಲ. ಬಟ್ಟಲನ್ನು ನೆಲಕ್ಕಿಟ್ಟು “ಯಾಕೆ ಬರ್ಲಿಲ್ಲ?” ಎಂದು ತಂಗಿ ಎಲ್ಲಿ ಕೇಳಿಬಿಡುತ್ತಾಳೋ ಎಂದು ಅವಳ ಕೈಯ ಮೇಲೆಯೇ ಕಣ್ಣಿಟ್ಟ.

ಖಜ್ನಾ ಅಣ್ಣನ ಮುಖವನ್ನೇ ನೋಡಿದಳು. ಬಟ್ಟಲು ನೆಲದತ್ತ ಅರ್ಧ ಇಳಿಯಿತು. ಮತ್ತೆ ಮೇಲೇರಿತು. ಒಂದೇ ಗುಟುಕಿಗೆ ಕುಡಿದುಬಿಟ್ಟಳು.

“ಹಾಜಿಗಾದ್ರೆ ಏಲಕ್ಕಿ ಸುರೀತೀಯ, ತಂಗಿಗೆ ಯಾಕೋ ಜಿಪುಣತನ? ಇನ್ನೊಂದು ಬಟ್ಟಲು ಹಾಕು ಅಣ್ಣ.”