ವೈದ್ಯನ ಪಾಲಿಗೆ ಒಂದೇ ಕವಡೆ

ಮಕ್ಕಳೇ, ಒಂದು ಕಡೆ ನೆಟ್ಟಗೆ ಕೂರುವುದು ನನಗೆ ಇವತ್ತಿಗೂ ಬರುವುದಿಲ್ಲ. ಒಲೆಯ ಮುಂದೆ ಕೂತರೆ ಅಂಗಳದ ಚಿಂತೆ, ಅಂಗಳಕ್ಕೆ ಬಂದರೆ ಒಲೆಯದು. ಇಂಥವಳನ್ನು ನಿಮ್ಮ ಗಿರಿಯಣ್ಣ ಒಂದು ಬೇಸಿಗೆಯಲ್ಲಿ ಯುದ್ಧಕ್ಕೆ ಕೂರಿಸಿದ್ದ.

ಹೈದರಾಬಾದಿನ ಹಾಸ್ಟೆಲಿನಲ್ಲಿ ಅವನು ಕಲಿತು ಬಂದ ಆಟ ಅದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕಥೆ ಕಟ್ಟುತ್ತ, ಆದೋನಿ ಕೋಟೆಯ ಕೆಳಗಿನ ಗುಹೆಗೆ ಇಳಿಯಬೇಕು. ರಾಕ್ಷಸರನ್ನು ನಡೆಸುವವನು ಗಿರಿ. ಅದರ ದಾಳಗಳು ನಮ್ಮೂರಲ್ಲಿ ಸಿಗದೆ ನನ್ನ ಕವಡೆ ಚೀಲ ಕೇಳಿದ. ಎಸೆದ ಕವಡೆಗಳಲ್ಲಿ ಬಾಯಿ ಮೇಲಾಗಿ ಬಿದ್ದಷ್ಟು ಪೆಟ್ಟು. ಹೊಡೆಯಲು ವೀರನಿಗೆ ಆರು ಕವಡೆ, ಕಳ್ಳನಿಗೆ ನಾಲ್ಕು, ಮಂತ್ರವಾದಿಗೆ ಎರಡು, ವೈದ್ಯನಿಗೆ ಒಂದೇ. ಮಂತ್ರವಾದಿ ದಿನಕ್ಕೊಮ್ಮೆ ಮಂತ್ರ ಹಾಕಿದರೆ ಮುಗಿಯಿತು, ನಿದ್ದೆ ಮಾಡಿ ಎದ್ದ ಮೇಲೆಯೇ ಇನ್ನೊಂದು. ನನಗೆ ಮಾವನವರ ನೆನಪಾಯಿತು. ಬೆಳಿಗ್ಗೆ ಒಮ್ಮೆ ಗದರಿದರೆ ತೊಲೆ ನಡುಗುತ್ತಿತ್ತು. ಆಮೇಲೆ ಸಂಜೆವರೆಗೆ ಯಾರು ಏನು ಮಾಡಿದರೂ ನಡೆಯುತ್ತಿತ್ತು. ಅತ್ತೆಯವರು ಮಾತ್ರ ದಿನವಿಡೀ ಆರು ಕವಡೆಯವರು.

ನಿಮ್ಮ ಸುಧಕ್ಕನಿಗೆ ಗಿರಿ ದಿನವೂ ವೈದ್ಯನ ಪಾತ್ರವನ್ನೇ ಕೊಡುತ್ತಿದ್ದ. ಅವಳಿಗೆ ಕತ್ತಿ ಬೇಕಿತ್ತು.

"ಹುಡುಗಿ ಅಂದ್ರ ಬರೇ ಗಾಯಕ್ಕ ಬಟ್ಟಿ ಕಟ್ಟಬೇಕೇನು?"

"ಮತ್ತ ವೈದ್ಯ ಯಾರಾಗ್ತಾರ?" ಎಂದ ಗಿರಿ.

ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವವಳಲ್ಲ ನಾನು. ಆದರೂ, "ನಾ ಆಗ್ತೀನಪ್ಪ, ನನಗ ರೂಢಿ ಅದ," ಎಂದೆ.

"ಸರೇ, ಸುಧಾ ವೀರ ಆಗ್ಲಿ. ಆದ್ರ ವೀರ ಸತ್ತರ, ರಜಾ ಮುಗಿಯೋತನಕ ಆಕಿನೇ ವೈದ್ಯ," ಎಂದ ಗಿರಿ.

ಮರುದಿನ ನಾನು ಮಡಿಯುಟ್ಟು ಅಡುಗೆಗೆ ನಿಂತಿದ್ದೆ. ಮಡಿಯಲ್ಲಿ ಮಕ್ಕಳು ಮುಟ್ಟಿದ ಕವಡೆ ಮುಟ್ಟುವಂತಿಲ್ಲ. ನಾನು ಹೊಸ್ತಿಲ ಒಳಗಿನಿಂದ ಹೇಳುವುದು, ನನ್ನ ಪರವಾಗಿ ಗಿರಿ ಎಸೆಯುವುದು. ಸುಧಾ ಇಬ್ಬರು ರಾಕ್ಷಸರನ್ನು ಕೆಡವಿ, ಮೂರನೆಯವನ ಕೈಯಲ್ಲಿ ತಾನೇ ಬಿದ್ದಳು. ಈಗ ನನ್ನ ಒಂದು ಕವಡೆ ಬಾಯಿ ಮೇಲಾಗಿ ಬಿದ್ದರೆ ಮಾತ್ರ ಅವಳು ಬದುಕುತ್ತಾಳೆ.

ಗಿರಿ ಕೈ ಚಾಚಿದ. ಸುಧಾ ಕವಡೆಯನ್ನು ಮುಚ್ಚಿ ಹಿಡಿದಳು.

"ನೀ ರಾಕ್ಷಸರ ಪಾರ್ಟಿಯವ. ಮುಟ್ಟಬ್ಯಾಡ."

"ಸತ್ತಾಕಿ ಮಾತಾಡಬಾರದು."

ಸುಧಾಳ ಕಣ್ಣು ತುಂಬಿತ್ತು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಅತ್ತ ಒಂದು ಹೆಜ್ಜೆ ಇಟ್ಟೆ, ಇತ್ತ ಒಂದು. ಕೊನೆಗೆ ಹೊರಗೆ ಬಂದು, ಅವಳ ಕೈಯಿಂದ ಕವಡೆ ತೆಗೆದುಕೊಂಡು ಎಸೆದೇಬಿಟ್ಟೆ. ಬಾಯಿ ಮೇಲಾಗಿ ಬಿತ್ತು.

"ಅಜ್ಜಿ, ನಿಮ್ಮ ಮಡಿ?" ಎಂದ ಗಿರಿ.

"ಬಾವಿಯಾಗ ನೀರದ ಬಿಡು. ಆಕಿ ಏಳ್ತಾಳಲ್ಲ?"

ಸುಧಾ ಎದ್ದಳು, ಮೂರನೆಯವನನ್ನೂ ಮುಗಿಸಿದಳು. ನಾನು ಮತ್ತೆ ಸ್ನಾನ ಮಾಡಿ ಬರುವಷ್ಟರಲ್ಲಿ ಬೇಳೆ ತಳ ಹಿಡಿದಿತ್ತು. ಆ ಸಾರನ್ನು ಸುಧಾ ತಲೆಯೆತ್ತದೆ ಉಂಡಳು. ಗಿರಿ ಮುಖ ಸಿಂಡರಿಸಿದ. ನಾನು ಅವನಿಗೆ ಇನ್ನೊಂದು ಸೌಟು ಬಡಿಸಿದೆ. ಬಡಿಸುವವರ ಬಲ ಎಷ್ಟೆಂದು ಅವನ ಆಟದಲ್ಲಿ ಎಲ್ಲೂ ಹೇಳಿರಲಿಲ್ಲ.